ಅಮ್ಮನ ಬೂಟಿಗೆ ಷಡ್ಡಕರ ಮುಳ್ಳು

ನನ್ನ ಷಡ್ಡಕರು ಒಂದು ಟೂತ್‌ಬ್ರಷ್ ಆರಿಸಿ ಮನೆಗೆ ತರುವಷ್ಟರಲ್ಲಿ ನಮ್ಮಂಥವರ ಹಲ್ಲೇ ಉದುರಿಹೋಗಿರುತ್ತದೆ! ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಒಂದು ಅನ್ನದ ಕುಕ್ಕರ್ ಕೊಳ್ಳಲು ಅವರು ಇಡೀ ಬೇಸಿಗೆ ತೆಗೆದುಕೊಂಡರು. ಅಷ್ಟೂ ದಿನ ಆ ಮನೆಯಲ್ಲಿ ಬರೀ ಚಪಾತಿ. ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕೆನಡಾದ ಬ್ರ್ಯಾಂಪ್ಟನ್ನಿನಲ್ಲಿ ಮನೆ, ಅಲ್ಲೇ ಒಂದು ದೊಡ್ಡ ವೇರ್‌ಹೌಸಿನಲ್ಲಿ ಇಂಜಿನಿಯರ್ ಕೆಲಸ. ನಾವಿರುವುದು ಮೆಡೋವೇಲಿನಲ್ಲಿ. ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ನನ್ನ ನೆಮ್ಮದಿಗೆ ಆ ದೂರ ಏನೇನೂ ಸಾಲದು.

ಇಂಥ ಮನುಷ್ಯನನ್ನು ಕಂಡರೆ ಜನ ನಗಬೇಕು ತಾನೆ? ನಗುವುದಿಲ್ಲ, ಸಲಹೆ ಕೇಳುತ್ತಾರೆ! ನನ್ನ ಹೆಂಡತಿಯಂತೂ ಹಾಸಿಗೆಯಿಂದ ಹಿಡಿದು ಹಸಿಮೆಣಸಿನಕಾಯಿ ಕತ್ತರಿಸುವ ಚಾಕುವಿನವರೆಗೆ ಎಲ್ಲದಕ್ಕೂ, "ಭಾವನ್ನ ಒಂದ್ಮಾತು ಕೇಳಿ" ಎನ್ನುತ್ತಾಳೆ. ನಮ್ಮ ಮನೆಯ ಒಳಗಿರುವ ವಸ್ತುಗಳಲ್ಲಿ ಅವರ ಒಪ್ಪಿಗೆ ಇಲ್ಲದೆ ಬಂದವನು ನಾನೊಬ್ಬನೇ. ನೇರವಾಗಿ ಹೇಳಿಬಿಡುತ್ತೇನೆ: ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಹೆಂಡತಿಯ ಬಾಯಲ್ಲಿ ಅವರ ಗುಣಗಾನ ಕೇಳಿ ಕೇಳಿ ಹೇಗೋ ಅಭ್ಯಾಸವಾಗಿತ್ತು. ಆದರೆ ಕಳೆದ ಚಳಿಗಾಲದಲ್ಲಿ ಅವರು ನನ್ನ ಹೆತ್ತ ತಾಯಿಯನ್ನೇ ತಮ್ಮ ಕಡೆ ಮಾಡಿಕೊಂಡುಬಿಟ್ಟರು.

ಅಮ್ಮ ಮೈಸೂರಿನಿಂದ ಬಂದು ನಮ್ಮ ಜೊತೆ ಕಳೆಯುತ್ತಿದ್ದ ಮೊದಲ ಚಳಿಗಾಲ ಅದು. ಊರಿನಲ್ಲಿ ದಿನಾ ಬೆಳಿಗ್ಗೆ ಕೆರೆ ಸುತ್ತಿ ಬರದಿದ್ದರೆ ಅವಳಿಗೆ ಕಾಫಿ ಇಳಿಯುತ್ತಿರಲಿಲ್ಲ. ಇಲ್ಲಿ ಜನವರಿಯಲ್ಲಿ ಒಂದು ದಿನ ಟಪಾಲು ಡಬ್ಬಿಯವರೆಗೆ ಹೋಗಿ ಬರುತ್ತೇನೆಂದು ಹೊರಟವಳು ಮನೆ ಮುಂದಿನ ಡ್ರೈವ್‌ವೇಯ ಐಸಿನ ಮೇಲೆ ಜಾರಿ ಕುಸಿದಳು. ಸದ್ಯ, ಮುರಿದದ್ದು ಧೈರ್ಯವೊಂದೇ. ಆಮೇಲೆ ಅವಳು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಸುಮ್ಮನಿದ್ದೆನೆ? ಐಸು ಕರಗಲೆಂದು ಒಂದು ಮೂಟೆ ಉಪ್ಪು ತಂದು ಬಾಗಿಲಿನಿಂದ ರಸ್ತೆಯವರೆಗೆ ಧಾರಾಳವಾಗಿ ಸುರಿದೆ. ಆ ಉಪ್ಪು ನನ್ನ ಬೂಟಿಗೆ ಅಂಟಿಕೊಂಡು ದೇವರ ಕೋಣೆಯವರೆಗೆ ಬಂತೆಂದು ಅಮ್ಮ ಸಂಜೆಯವರೆಗೂ ಬೈದಳು.

ಸುದ್ದಿ ಬ್ರ್ಯಾಂಪ್ಟನ್ ತಲುಪಿತು. ಷಡ್ಡಕರು ಆ ಶನಿವಾರವೇ ಬಂದರು. ಕೈಯಲ್ಲಿ ಮೂರು ಪೊಟ್ಟಣ, ಮೂರರಲ್ಲೂ ಮಂಜುಗಡ್ಡೆಯ ಮೇಲೆ ನಡೆಯಲು ಬೂಟಿನ ಮೇಲೆ ಎಳೆದು ಹಾಕಿಕೊಳ್ಳುವ ರಬ್ಬರಿನ ಪಟ್ಟಿ. ಒಂದರ ಅಡಿಗೆ ಸ್ಪ್ರಿಂಗಿನಂಥ ಸುರುಳಿ, ಇನ್ನೊಂದಕ್ಕೆ ಗುಂಡುಸೂಜಿ ತಲೆಯಷ್ಟು ಸಣ್ಣ ಮೊಳೆಗಳು, ಮೂರನೆಯದಕ್ಕೆ ಸರಪಳಿ, ಸರಪಳಿಯ ತುಂಬ ಮುಳ್ಳು. ನಾನಾಗಿದ್ದರೆ ಮೂರರಲ್ಲಿ ಒಂದನ್ನು ಕಣ್ಣುಮುಚ್ಚಿ ಎತ್ತಿಕೊಡುತ್ತಿದ್ದೆ. ಅವರು ಮೂರನ್ನೂ ನಮ್ಮ ಫ್ರೀಜರಿನಲ್ಲಿ ಬಟಾಣಿ ಮತ್ತು ತೆಂಗಿನತುರಿಯ ನಡುವೆ ಇಟ್ಟು ಹೋದರು! ಚಳಿಗೆ ರಬ್ಬರು ಬಿರುಸಾದರೆ ವಯಸ್ಸಾದವರ ಬೆರಳಿಗೆ ಎಳೆಯಲು ಆಗುವುದಿಲ್ಲವಂತೆ, ಅದಕ್ಕೆ ಒಂದು ರಾತ್ರಿ ಕಾದು ನೋಡಬೇಕಂತೆ. ಮರುದಿನ ಬಂದು ಅಮ್ಮನಿಗೆ ಉಣ್ಣೆಯ ಗ್ಲೌಸ್ ಹಾಕಿಸಿ, ಒಂದೊಂದನ್ನೇ ಕೊಟ್ಟು, ಯಾರ ಸಹಾಯವೂ ಇಲ್ಲದೆ ಹಾಕಿ ತೆಗೆಯಿರಿ ಎಂದರು. ಹಿಮ್ಮಡಿಯ ಹತ್ತಿರ ಹಿಡಿದೆಳೆಯಲು ದೊಡ್ಡ ಕಿವಿ ಇದ್ದದ್ದು ಸರಪಳಿಯದಕ್ಕೆ ಮಾತ್ರ. ಅಮ್ಮ ಅದನ್ನು ಎಳೆದು ಹಾಕಿಕೊಂಡು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಉಪ್ಪು ಹಾಕಿದ ನನಗೆ ಅಂಥ ನಗು ಸಿಕ್ಕಿರಲಿಲ್ಲ.

ಇಷ್ಟಕ್ಕೇ ಮುಗಿಯಿತೆ? ಇಲ್ಲ. ಐಸಿನ ಮೇಲೆ ಪರೀಕ್ಷೆ ಆಗಬೇಕಿತ್ತು, ನನ್ನ ಉಪ್ಪಿನಿಂದಾಗಿ ಡ್ರೈವ್‌ವೇಯಲ್ಲಿ ಐಸೇ ಇರಲಿಲ್ಲ. ಷಡ್ಡಕರು ನಮ್ಮ ಹಿತ್ತಲಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ಹೆಪ್ಪುಗಟ್ಟಲು ಬಿಟ್ಟರು. ಇಡೀ ಬೀದಿ ಐಸು ಕರಗಿಸಲು ಒದ್ದಾಡುವಾಗ ಒಬ್ಬ ಮನುಷ್ಯ ಅದನ್ನು ತಯಾರು ಮಾಡುತ್ತಿರುವುದನ್ನು ಪಕ್ಕದ ಮನೆಯ ಪಂಜಾಬಿ ಅಂಕಲ್ ಬೇಲಿಯ ಮೇಲಿಂದ ನೋಡಿದರು. ನನ್ನನ್ನು ಆಚೆ ಕರೆದು, "ಉನ್‌ಕೀ ತಬಿಯತ್ ಠೀಕ್ ಹೈ ನಾ?" ಎಂದು ಕಳಕಳಿಯಿಂದ ಕೇಳಿದರು. ನಾನು ಅವರ ಅನುಮಾನವನ್ನು ಹೋಗಲಾಡಿಸಲು ವಿಶೇಷ ಪ್ರಯತ್ನ ಮಾಡಲಿಲ್ಲ.

ಅಂತೂ ಸರಪಳಿಯದೇ ಗೆದ್ದಿತು. ಸುರುಳಿ ಸಪಾಟು ಫುಟ್‌ಪಾತಿಗೆ ಸಾಕು, ಸಣ್ಣ ಮೊಳೆ ಇಳಿಜಾರಿನಲ್ಲಿ ಪಕ್ಕಕ್ಕೆ ಜಾರುತ್ತದೆ, ಅಮ್ಮನನ್ನು ವಾಕಿಂಗ್ ಕರೆದೊಯ್ಯಬೇಕೆಂದಿದ್ದ ಕಾಡಿನ ದಾರಿಗೆ ಮುಳ್ಳೇ ಬೇಕು. ಅಳತೆಯನ್ನು ಪಾದಕ್ಕಲ್ಲ, ಬೂಟಿನ ಹೊರಮೈಗೆ ನೋಡಬೇಕು. ಇಷ್ಟನ್ನು ಅವರು ಹೇಳುವಾಗ ಅಮ್ಮ ಪ್ರವಚನ ಕೇಳುವವಳಂತೆ ತಲೆದೂಗುತ್ತಿದ್ದಳು. ಆಮೇಲೆ ಅವರಿಗೆ ಬೆಳ್ಳಿ ಲೋಟದಲ್ಲಿ ಕಾಫಿ. ಬೀಗರ ಕಡೆಯವರು ನೋಡಿ! "ತಗೊಳ್ಳಿ, ಇನ್ ಸ್ವಲ್ಪ ತಗೊಳ್ಳಿ" ಎಂಬ ಉಪಚಾರ ಬೇರೆ. ನನಗೆ ಆಫೀಸಿನಲ್ಲಿ ಪುಕ್ಕಟೆ ಕೊಟ್ಟ ಮಗ್ಗು. ಅವರು ಹೋದಮೇಲೆ ಅಮ್ಮ, ಎಂಥ ತಾಳ್ಮೆ, ಎಂಥ ಮುತುವರ್ಜಿ, ಎಂದು ಗೋಡೆಗೆ ಹೇಳಿದಳು. ಗೋಡೆಯ ಪಕ್ಕದಲ್ಲಿ ನಾನು ಕೂತಿದ್ದೆ.

ಆಗ ನನ್ನ ತಲೆ ಕೆಟ್ಟಿತು. ಒಂದೇ ಮಧ್ಯಾಹ್ನದಲ್ಲಿ, ಯಾರನ್ನೂ ಒಂದ್ಮಾತು ಕೇಳದೆ, ನನಗಾಗಿ ಒಂದು ಜೊತೆ ಸ್ಪೈಕು ತಂದೆ. ಅಂಗಡಿಯಲ್ಲಿ ಇದ್ದುದರಲ್ಲೆಲ್ಲ ದೊಡ್ಡ ಮುಳ್ಳಿನದು. ಕಿರುಬೆರಳುದ್ದದ ಹಲ್ಲು, ಎದುರಿಗೆ ಎರಡು ಕೋರೆ ಬೇರೆ! ಇದು ಹಿಮದ ಗೋಡೆ ಹತ್ತುವ ಪರ್ವತಾರೋಹಿಗಳಿಗೆ, ನಿಮ್ಮ ಮೆತ್ತನೆಯ ಬೂಟಿನ ಮೇಲೆ ಇದು ನಿಲ್ಲುವುದಿಲ್ಲ ಎಂದು ಷಡ್ಡಕರು ಫೋನಿನಲ್ಲಿ ವಿನಯದಿಂದ ಹೇಳಿದರು. ಆ ವಿನಯಕ್ಕೇ ನನಗೆ ಉರಿಯುವುದು. ಗಟ್ಟಿಯಾಗಿ ಕೂರುತ್ತದೋ ಇಲ್ಲವೋ ತೋರಿಸುತ್ತೇನೆಂದು ಅದನ್ನು ತೊಟ್ಟು ನಡುಮನೆಯಲ್ಲಿ ನಾಲ್ಕು ಹೆಜ್ಜೆ ಹಾಕಿದೆ. ಮರದ ನೆಲದಲ್ಲಿ ಆದ ತೂತುಗಳನ್ನು ಹೆಂಡತಿ ಈಗ ಒಂದು ಜಮಖಾನದಿಂದ ಮುಚ್ಚಿದ್ದಾಳೆ. ಜಮಖಾನ ಆರಿಸಿದ್ದು ಯಾರೆಂದು ಹೇಳಬೇಕಾಗಿಲ್ಲವಲ್ಲ?

ಮುಂದಿನ ಭಾನುವಾರ ಅಮ್ಮ, ಷಡ್ಡಕರು, ನಾನು ಬ್ರ್ಯಾಂಪ್ಟನ್ನಿನ ಉತ್ತರಕ್ಕಿರುವ ಗುಡ್ಡಗಾಡಿನ ಟ್ರೇಲಿಗೆ, ಅಂದರೆ ಕಾಡಿನ ಕಾಲುದಾರಿಗೆ, ಹೊರಟೆವು. ಹೊರಡುವ ಮುಂಚೆ ಅಮ್ಮ ಹೊಸ ಕಬ್ಬಿಣವನ್ನು ಪೂಜೆ ಮಾಡದೆ ಮುಟ್ಟುವುದಿಲ್ಲವೆಂದು ಹಟ ಹಿಡಿದಳು. ಕಾಲಿಗೆ ಹಾಕುವ ವಸ್ತುವಿಗೆ ಪೂಜೆಯೆ ಎಂದು ನಾನು ಕೇಳಿದೆ. ಕಾರಿನ ಚಕ್ರ ನೆಲ ತುಳಿಯುವುದಿಲ್ಲವೆ ಎಂದು ಅವಳು ಕೇಳಿದಳು. ಷಡ್ಡಕರು ಅವಳ ಮಾತಿನಲ್ಲಿ ತರ್ಕವಿದೆ ಎಂದರು, ಅಲ್ಲಿಗೆ ತೀರ್ಮಾನವಾಯಿತು. ಅವಳು ಕುಂಕುಮವನ್ನು ನೀರಿನಲ್ಲಿ ಕಲಸಿ ಪ್ರತಿ ಮುಳ್ಳಿಗೂ ದಪ್ಪಗೆ ಹಚ್ಚಿದಳು.

ಟ್ರೇಲಿನಲ್ಲಿ ಅಮ್ಮ ಮೊದಲು ಹೆದರಿ ಹೆದರಿ ಕಾಲಿಟ್ಟಳು. ಮುಳ್ಳು ಕರಕರನೆ ಐಸು ಕಚ್ಚಿತು. ಇನ್ನೊಂದು ಹೆಜ್ಜೆ, ಮತ್ತೊಂದು. ಸ್ವಲ್ಪ ಹೊತ್ತಿಗೆಲ್ಲ ನಮ್ಮಿಬ್ಬರನ್ನೂ ಹಿಂದೆ ಬಿಟ್ಟು, ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು, ಕೆರೆ ಏರಿಯ ಮೇಲೆ ಹೋಗುವವಳ ಹಾಗೆ ಕೈಬೀಸಿಕೊಂಡು ಹೊರಟಳು. ಎದುರಿನಿಂದ ನಾಯಿ ಹಿಡಿದು ಬಂದ ಒಬ್ಬ ಬಿಳಿಯ ಹೆಂಗಸು ಗಾಬರಿಯಿಂದ ನಿಂತುಬಿಟ್ಟಳು. ಅಮ್ಮ ನಡೆದ ದಾರಿಯುದ್ದಕ್ಕೂ ಬಿಳಿ ಹಿಮದ ಮೇಲೆ ಕೆಂಪು ಚುಕ್ಕೆ! "ಮ್ಯಾಮ್, ಆರ್ ಯೂ ಬ್ಲೀಡಿಂಗ್?" ಎಂದು ಕೇಳಿದಳು. ಅಮ್ಮ ಕಾಲೆತ್ತಿ ತೋರಿಸಿ, "ನೋ ನೋ. ಪೂಜಾ" ಎಂದು ಮುಂದೆ ನಡೆದಳು.

ಇತ್ತ ನನ್ನ ಅವಸ್ಥೆ ಕೇಳಬೇಡಿ. ಉದ್ದ ಹಲ್ಲುಗಳ ಸಂದಿಯಲ್ಲಿ ಹಸಿ ಹಿಮ ಉಂಡೆ ಕಟ್ಟಿ, ಹೆಜ್ಜೆಗೊಂದಿಷ್ಟು ಎತ್ತರವಾಗುತ್ತ, ಹೈಹೀಲ್ಡ್ ಚಪ್ಪಲಿ ಮೆಟ್ಟಿದವನ ಹಾಗೆ ನಡೆಯುತ್ತಿದ್ದೆ. ಕೊನೆಗೆ ಇಳಿಜಾರಿನಲ್ಲಿ ಬಲಗಾಲಿನದು ಕಳಚಿ ಪಕ್ಕಕ್ಕೆ ತಿರುಗಿತು. ನಾನು ಅಂಗಾತ ಬಿದ್ದು, ಜಾರಿಕೊಂಡು ಹೋಗಿ, ಅಮ್ಮನ ಕಾಲ ಬಳಿಯೇ ನಿಂತೆ.

ಅಮ್ಮ ಶುರುಮಾಡಿದಳು. "ಹೇಳಿದ ಮಾತು ಕೇಳಿದ್ದು ಯಾವತ್ತೋ ನೀನು? ಅವ್ರು ಅಷ್ಟು ಬಿಡಿಸಿ ಹೇಳಿದ್ರು. ಯುದ್ಧಕ್ಕೆ ಹೊರಟೋನ ಥರ ಇದನ್ನ ಕಟ್ಕೊಂಡ್ ಬಂದೆ. ಸೊಂಟ ಮುರ್ಕೊಂಡಿದ್ರೆ ಏನೋ ಗತಿ?" ಬೈಯುತ್ತಲೇ ನನ್ನ ತಲೆಯ ಮೇಲಿನ ಹಿಮ ಒದರಿದಳು, ಬೆನ್ನು ಒತ್ತಿ ನೋಡಿದಳು, ಮತ್ತೆ ಮೊದಲಿನಿಂದ ಬೈದಳು.

ಷಡ್ಡಕರು ಗ್ಲೌಸ್ ತೆಗೆದಿಟ್ಟು, ಮಂಡಿಯೂರಿ, ನನ್ನ ಮುಳ್ಳಿನ ಸಂದಿಯ ಐಸನ್ನು ಕಡ್ಡಿಯಿಂದ ಕೆರೆಯುತ್ತಿದ್ದರು. ನಾನು ತಲೆಯೆತ್ತಿ ನೋಡಿದರೆ ಅವರ ಕೈ ನಿಂತಿತ್ತು. ಕಣ್ಣು ಅಮ್ಮನ ಮೇಲಿತ್ತು. ನನ್ನ ಅವಮಾನವನ್ನು ಸವಿಯುತ್ತಿದ್ದಾರೆಂದು ನನಗೆ ಉರಿದುಹೋಯಿತು.

"ಖುಷಿಯಾಯ್ತಾ ಭಾವ?" ಎಂದೆ.

ಅವರು ಕಡ್ಡಿಯನ್ನೇ ನೋಡುತ್ತ ಹೇಳಿದರು. "ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ ಕಣ್ರೀ. ನಾನು ಪಿಯುಸಿಲಿದ್ದಾಗ ಅಮ್ಮ ಹೋಗ್ಬಿಟ್ರು. ಆಮೇಲೆ ಹಾಸ್ಟೆಲ್ಲು, ಕೆಲ್ಸ, ಈ ದೇಶ. ಏನ್ ತಗೊಂಡ್ರೂ, ಏನ್ ಮಾಡಿದ್ರೂ, ತಪ್ಪು ಮಾಡ್ದೆ ಕಣೋ ಅನ್ನೋರು ಯಾರೂ ಇರ್ಲಿಲ್ಲ. ಅದಕ್ಕೇ ಎಲ್ಲಾನೂ ನಾನೇ ನೂರು ಸಲ ನೋಡ್ತೀನಿ."

ಅಮ್ಮನ ನೋಟ ಅವರ ಬರಿಗೈಗಳ ಮೇಲೆ ಬಿತ್ತು. ಬೆರಳುಗಳು ಚಳಿಗೆ ಕೆಂಪಡರಿ ಸೆಟೆದುಕೊಂಡಿದ್ದವು.

"ಗ್ಲೌಸ್ ಎಲ್ಲೋ?" ಎಂದಳು. ದನಿ ನನಗೆ ಚೆನ್ನಾಗಿ ಗೊತ್ತಿದ್ದ ದನಿ. "ಈ ಚಳೀಲಿ ಬರಿಗೈಲಿ ಐಸ್ ಕೆರೀತಾ ಕೂತಿದ್ಯಲ್ಲ, ಬುದ್ಧಿ ಇದ್ಯಾ ನಿಂಗೆ? ಊರಿಗೆಲ್ಲ ಹೇಳಕ್ಕೆ ಬರತ್ತೆ, ತನ್ನ ಕೈ ನೋಡ್ಕೊಳಕ್ಕೆ ಬರಲ್ಲ. ಕೊಡು ಇಲ್ಲಿ."

ಅವರ ಎರಡೂ ಕೈಗಳನ್ನು ಎಳೆದು ತನ್ನ ಶಾಲಿನೊಳಗೆ ಸೇರಿಸಿಕೊಂಡು ಉಜ್ಜತೊಡಗಿದಳು. ಬೈಗುಳ ನಿಲ್ಲಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆ ಬೈಗುಳ ಇಲ್ಲಿಯವರೆಗೆ ನನ್ನೊಬ್ಬನದಾಗಿತ್ತು. ಹಿಮದಲ್ಲೇ ಕೂತು ಇನ್ನೊಂದು ಕಾಲಿನ ಸ್ಪೈಕು ಬಿಚ್ಚತೊಡಗಿದೆ. ಐಸು ಕೆರೆಯಲು ಬರಿಗೈಯೇ ಏಕೆ ಸರಿ ಎಂಬುದಕ್ಕೆ ಷಡ್ಡಕರ ಬಳಿ ಖಂಡಿತ ಹತ್ತು ಕಾರಣಗಳಿದ್ದವು. ಒಂದನ್ನೂ ಹೇಳಲಿಲ್ಲ. ತಲೆ ತಗ್ಗಿಸಿ, "ತಪ್ಪಾಯ್ತಮ್ಮ" ಎಂದರು.