ನಾಲ್ಕು ಬೀಗ, ಒಂದು ಎಲೆ

ವಾದದಲ್ಲಿ ಗೆಲ್ಲುವುದು ಒಂದು ಕೆಟ್ಟ ಚಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಬಂದ ಸ್ಟೀಲ್ ಲೋಟಗಳಲ್ಲೇ ಹುಣಸೂರಿನ ನಮ್ಮ ಮನೆಯವರೆಲ್ಲ ಇಂದಿಗೂ ಕಾಫಿ ಕುಡಿಯುತ್ತಾರೆ. ನನ್ನ ಮಾತನ್ನು ಮಾತ್ರ ಯಾರೂ ಒಪ್ಪುವುದಿಲ್ಲ. ಅಜ್ಜಿಯ ಎದುರಂತೂ ನಾನು ಗೆದ್ದದ್ದು ಒಂದೇ ಸಲ. ಅದನ್ನಾದರೂ ಸೋಲಬಾರದಿತ್ತೇ ಎಂದು ಈಗ ಹಲುಬುತ್ತಿದ್ದೇನೆ.

ಅಜ್ಜಿಗೆ ನಾಲ್ವರು ಹೆಣ್ಣುಮಕ್ಕಳು, ನನಗೆ ಅತ್ತೆಯರು. ಒಬ್ಬರು ರಾವಂದೂರು, ಒಬ್ಬರು ಹನಗೋಡು, ಉಳಿದವರು ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ. ಹಾಸಿಗೆ ಹಿಡಿದ ಮೇಲೆ ಅಜ್ಜಿ, "ನಾಕು ಜನಕ್ಕೂ ಒಂದು ಮಾತು ಯೋಳ್ಬೇಕು. ಫೋನ್‌ಗೆ ಯೋಳ್ತೀನಿ, ಕಳ್ಸು. ಅಳಿಯಂದ್ರ ಕಿವಿಗೆ ಬೀಳ್ಬಾರ್ದು ಕಣವ್ವ" ಎಂದಳು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಿದ್ದ ಗುಟ್ಟು ಸಂಜೆಯೊಳಗೆ ಟೀ ಅಂಗಡಿ ಮುಟ್ಟುತ್ತದೆ. ಹಾಗಾಗಿ ನಾನೇ ಕೋಡ್ ಬರೆಯಲು ಕೂತೆ. ಪ್ರತಿ ಅತ್ತೆಗೂ ಎರಡು ಕೀ: ಬೀಗ ಹಾಕಲಷ್ಟೇ ಬರುವ ಸಾರ್ವಜನಿಕ ಕೀ ನನ್ನ ಕೈಗೆ, ಅದನ್ನು ತೆರೆಯುವ ಖಾಸಗಿ ಕೀ ಅವರ ಫೋನಿನಲ್ಲೇ. ಧ್ವನಿಯನ್ನು ಒಂದು ಹೊಸ ಕೀಲಿಯಿಂದ ಭದ್ರಪಡಿಸಿ, ಆ ಕೀಲಿಯ ನಾಲ್ಕು ಪ್ರತಿಗಳನ್ನು ನಾಲ್ವರ ಸಾರ್ವಜನಿಕ ಕೀಗಳಿಂದ ಬೇರೆ ಬೇರೆ ಮುಚ್ಚಿಟ್ಟರೆ ಆಯಿತು. ಯಾರ ಹಂಗೂ ಇಲ್ಲದೆ ಅವರವರು ತೆರೆದುಕೊಳ್ಳಬಹುದು. ಮುಚ್ಚಿದವರೇ ಬೇಡಿಕೊಂಡರೂ ತೆರೆಯದು.

ಅಜ್ಜಿಗೆ ಇದೆಲ್ಲ ಚೆನ್ನಾಗಿಯೇ ಅರ್ಥವಾಯಿತು. "ನಿನ್ನ ಎಲೆ ಎತ್ತಿಟ್ಕಂಡ್ಯಾ?" ಎಂದಳು. ಮನೆಯಲ್ಲಿ ಪಂಕ್ತಿ ಕೂರಿಸುವ ಮುಂಚೆ ಬಡಿಸುವವಳಿಗೆಂದು ಒಂದು ಬಾಳೆಲೆ ಎತ್ತಿಡದೆ ಅವಳು ಸೌಟು ಮುಟ್ಟಿದವಳಲ್ಲ. ನಾನು ಬಿಟ್ಟೇನೆಯೇ? "ಗುಟ್ಟು ನಾಲ್ವರದು. ಬೀಗ ಹಾಕುವವಳಿಗೆ ಒಳಗೇನಿದೆ ಎಂದು ಕೇಳುವ ಹಕ್ಕಿಲ್ಲ" ಎಂದು ಅರ್ಧ ಗಂಟೆ ಮಂಡಿಸಿದೆ. "ಆಯ್ತು ಬುಡು, ನೀನೇ ಗೆದ್ದೆ" ಎಂದು ಅಜ್ಜಿ ಬಾಗಿಲು ಮುಚ್ಚಿಸಿಕೊಂಡು ಒಬ್ಬಳೇ ಫೋನಿಗೆ ಮಾತಾಡಿದಳು. ನಾನು ಬೀಗ ಹಾಕಿ, ನಾಲ್ವರಿಗೂ ಕಳಿಸಿ, ಬೀಗ ಹಾಕದ ಮೂಲ ಪ್ರತಿಯನ್ನೂ ಆ ಹೊಸ ಕೀಲಿಯನ್ನೂ ತತ್ವಕ್ಕೆ ಬದ್ಧಳಾಗಿ ಅಳಿಸಿಬಿಟ್ಟೆ.

ಅಜ್ಜಿ ಹೋದಳು. ಅವಳ ದನಿ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ, ಓದಲಾಗದ ಅಕ್ಷರಗಳ ರಾಶಿಯಾಗಿ. ದಿನಕ್ಕೊಮ್ಮೆ ಅದನ್ನು ತೆರೆದು ಸುಮ್ಮನೆ ನೋಡುತ್ತೇನೆ. ಇದು ಯಾವ ತರ್ಕಕ್ಕೂ ಕೂಡುವುದಿಲ್ಲ.

ಕೊನೆಗೆ ತಡೆಯಲಾಗದೆ ರಾವಂದೂರಿಗೆ ಬಸ್ಸು ಹತ್ತಿದೆ. "ಬಾರವ್ವ ಲಾಯರಮ್ಮ" ಎಂದರು ಅತ್ತೆ. "ಕೇಳೋ ಅಕ್ಕಿಲ್ಲ ಅಂತ ನೀನೇ ಅಲ್ವಾ ವಾದ ಮಾಡಿದ್ದು?" "ಅಜ್ಜಿ ದನಿ ಒಂದ್ಸಲ ಕೇಳಿಸಿ ಅತ್ತೆ" ಎಂದೆ. ಅತ್ತೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಫೋನಿನಲ್ಲಿ ಕೊನೆಯ ತುಣುಕನ್ನಷ್ಟೇ ಹಾಕಿದರು.

ಅಜ್ಜಿ ಕೆಮ್ಮಿದಳು. ಆಮೇಲೆ, "ಆ ಉಡುಗಿ ವಾದ ಮಾಡಿ ಗೆದ್ದವ್ಳೆ ಕಣ್ರೇ, ಎಲೆ ಇಲ್ದೆ ಕೂತವ್ಳೆ. ಇವತ್ತಲ್ಲ ನಾಳೆ ಬತ್ತಾಳೆ. ಇಷ್ಟು ಅವ್ಳಿಗೆ ಎತ್ತಿಡಿ."

"ಇನ್ನೊಂದ್ಸಲ ಹಾಕಿ ಅತ್ತೆ" ಎಂದೆ.

"ಎಲೆ ಒಂದೇ ಕಣವ್ವ" ಎಂದು ಅತ್ತೆ ಫೋನನ್ನು ಸೆರಗಿನಡಿ ಇಟ್ಟುಕೊಂಡು ಕಣ್ಣೊರೆಸಿಕೊಂಡರು.

ಈ ಸಲ ನಾನು ವಾದ ಮಾಡಲಿಲ್ಲ. ನಾಲ್ವರಿಗೂ ಬೇರೆ ಬೇರೆಯಾಗಿ ತೆರೆಯುವಂತೆ ಕೋಡ್ ಬರೆದವಳು ನಾನೇ ತಾನೆ? ಹನಗೋಡಿನ ಅತ್ತೆಯಲ್ಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.