ಮಿಡ್‌ರೇಂಜಿನ ಮಹಿಮೆ

ನಮ್ಮ ಮನೆಯ ಟೇಪ್‌ರೆಕಾರ್ಡರಿನಲ್ಲಿ ಹಾಡುವ ಹೆಂಗಸರಿಗೆಲ್ಲ ವರ್ಷವಿಡೀ ನೆಗಡಿ. ಗಂಡಸರು ಹಾಡಿದರೆ ಸ್ನಾನದ ಹಂಡೆಯೊಳಗೆ ತಲೆ ಇಟ್ಟು ಹಾಡಿದಂತೆ ಕೇಳಿಸುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ನನ್ನದು ಪಳಗಿದ ಕಿವಿ. ರಾಮನಗರದಲ್ಲಿ ನೂಲು ಬಿಚ್ಚಿಸುವ ವಹಾಬ್ ಅವರಿಗೆ ರೇಷ್ಮೆಗೂಡು ಆರಿಸಿಕೊಡುವವನು ನಾನು. ಗೂಡನ್ನು ಕಿವಿಯ ಬಳಿ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗಿನ ಹುಳ ಗೋಡೆಗೆ ತಟ್ಟುವ ಸದ್ದಿನಲ್ಲೇ ಅದು ಹದಕ್ಕೆ ಬಂದಿದೆಯೋ ಇಲ್ಲವೋ ಹೇಳಿಬಿಡುತ್ತೇನೆ. (ತಪ್ಪಾಗಿದ್ದರೆ ಗೊತ್ತಾಗುವುದು ಗೂಡು ಬಿಸಿನೀರಿಗೆ ಬಿದ್ದ ಮೇಲೆ. ಅಷ್ಟು ಹೊತ್ತಿಗೆ ನಾನು ಮನೆ ಸೇರಿರುತ್ತೇನೆ.)

ಇಂಥ ಕರ್ಣಯುಗಳಕ್ಕೆ ತಕ್ಕ ಸ್ಪೀಕರ್ ಬೇಕೆಂದು ಒಂದು ದಿನ ಘೋಷಿಸಿದೆ.

"ಯಾವ ಸ್ಪೀಕರು, ವಿಧಾನಸಭೇದಾ?" ಎಂದಳು ನನ್ನ ಹೆಂಡತಿ ಮಾಯಮ್ಮ, ಹಾಲ್‌ನ ಕಿಟಕಿ ಪಕ್ಕ ಹೊಲಿಗೆ ಮಿಷನ್ ತುಳಿಯುತ್ತ. ಇಡೀ ಬೀದಿಯ ರವಿಕೆಗಳಿಗೆ ಆಕಾರ ಬರುವುದು ಅಲ್ಲೇ.

"ಹೈಫೈ ಸ್ಪೀಕರ್ ಕಣೇ. ಮನುಷ್ಯರ ಕಂಠ ಇದ್ದದ್ದು ಇದ್ದ ಹಾಗೇ ಬರಬೇಕು. ಅದಕ್ಕೆ ಮಿಡ್‌ರೇಂಜ್ ಚೆನ್ನಾಗಿರಬೇಕು."

"ಅದ್ಯಾವ ಫಾರೆಸ್ಟ್ ರೇಂಜೋ ನಾ ಕಾಣೆ. ಇದ್ದದ್ದು ಇದ್ದಂಗೆ ನಾನ್ ಹೇಳುದ್ರೆ ಮೂಗ್ ಮೇಲೆ ಕ್ವಾಪ. ಅದೇ ಪೆಟ್ಗೆ ಹೇಳುದ್ರೆ ಕೇಳ್ತೀರಾ?"

ಕಲಾರಸಿಕನಾದವನು ಇಂಥ ಮಾತಿಗೆ ಕುಗ್ಗಬಾರದು. ಚನ್ನಪಟ್ಟಣದಲ್ಲಿ ಸ್ಪೀಕರ್ ಮಾರುವ, ನನ್ನ ಕಸುಬು ಬಲ್ಲ ಇದ್ರೀಸನ ಅಂಗಡಿಗೆ ಹೋದೆ. ಇದ್ರೀಸ್ ಪೆಟ್ಟಿಗೆಯ ಅಂಗರಚನೆಯನ್ನು ವಿವರಿಸಿದ. ಕೆಳಗಿನದು ಊಫರ್, ಗುರುಗುಟ್ಟುವುದು ಅದರ ಕೆಲಸ. ಮೇಲಿನದು ಟ್ವೀಟರ್, ತಾಳದ ಕಿಣಿಕಿಣಿ ಅದರದ್ದು. ನಡುವಿನದೇ ಮಿಡ್‌ರೇಂಜ್, ಹಾಡುವವರ ಗಂಟಲು ಇರುವುದು ಅಲ್ಲಿ.

ಮೊದಲ ಜೋಡಿಯಲ್ಲಿ ಗಾಯಕಿ 'ಸ' ಎಂದಾಗಲೆಲ್ಲ ಯಾರೋ ಒಗ್ಗರಣೆ ಹಾಕಿದಂತಾಯಿತು. ಎರಡನೆಯದರಲ್ಲಿ ಆಕೆ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡಿದ್ದಳು. ಮೂರನೆಯ ಜೋಡಿಯ ಒಂದು ಪೆಟ್ಟಿಗೆಯನ್ನು ತಬ್ಬಿ ಎತ್ತಿ, ಕಿವಿಗೆ ಒತ್ತಿಕೊಂಡು, ಅಭ್ಯಾಸಬಲದಿಂದ ಅಲ್ಲಾಡಿಸಿದೆ.

"ಸಾರ್, ಸಾರ್! ಅದು ಗೂಡಲ್ಲ ಸಾರ್!" ಇದ್ರೀಸ್ ಗಲ್ಲಾ ಬಿಟ್ಟು ಓಡಿ ಬಂದ.

"ಗೊತ್ತಯ್ಯ. ಒಳಗೆ ಏನೂ ಅಲ್ಲಾಡ್ತಿಲ್ಲ. ಒಳ್ಳೇ ಮಾಲು."

"ಅಲ್ಲಾಡಿದ್ರೆ ನಾನು ಅಂಗಡಿ ಮುಚ್ಚಬೇಕಾಗ್ತದೆ ಸಾರ್" ಎಂದು ಬೆವರೊರೆಸಿಕೊಂಡ. ಸೋಮವಾರದವರೆಗೆ ಕೇಳಿ ನೋಡಿ, ಹಿಡಿಸದಿದ್ದರೆ ವಾಪಸ್ ತನ್ನಿ ಎಂದು ಆಂಪ್ಲಿಫೈಯರ್ ಸಮೇತ ಆಟೋಗೆ ಹೇರಿ ಕಳಿಸಿದ. ನಾನು ಇನ್ನೊಂದು ಸಲ ಅಲ್ಲಾಡಿಸುವ ಮೊದಲು ತೊಲಗಿದರೆ ಸಾಕು ಎನ್ನುವಂತಿತ್ತು ಅವನ ಮುಖ.

ಮನೆಗೆ ಬಂದ ಮೇಲೆ ಪೆಟ್ಟಿಗೆಗಳಿಗೆ ಸರಿಹೊಂದುವ ಜಾಗ ಒಂದೇ ಎಂದು ತಿಳಿಯಿತು: ಹೊಲಿಗೆ ಮಿಷನ್ ಇದ್ದ ಜಾಗ. ಮಿಷನ್ ಹಿತ್ತಲ ಜಗಲಿಗೆ ಹೋಯಿತು.

"ಅಲ್ಲಿ ಸೂಜಿ ಕಣ್ಣೇ ಕಾಣಕಿಲ್ಲ, ದಾರ ಹೆಂಗ್ ಪೋಣಿಸ್ಲಿ?" ಮಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಒಂದ್ ಮಾತು. ಭಾನ್ವಾರ ವಹಾಬಣ್ಣ, ನನ್ ತಮ್ಮ ಇಬ್ರೂ ಬರ್ಲಿ. ಹೆಂಗ್ಸು ಇಲ್ಲೇ ನಿಂತು ಹಾಡ್ದಂಗೈತೆ ಅಂತ ಅವ್ರಾಗೇ ಅಂದ್ರೆ ನಿಮ್ ಪೆಟ್ಗೆ ಇರ್ಲಿ. ಅನ್ನನಿಲ್ವಾ, ಪೆಟ್ಗೆ ಅಂಗ್ಡಿಗೆ, ಮಿಷನ್ನು ಹಾಲ್‌ಗೆ."

ಒಪ್ಪಿದೆ. ಗೆಲ್ಲುವ ಪಂದ್ಯಕ್ಕೆ ಯಾರು ಒಪ್ಪುವುದಿಲ್ಲ?

ಭಾನುವಾರ ಬೆಳಿಗ್ಗೆ ಗ್ಯಾಸ್ ಮುಗಿಯಿತು. "ಬಂದೋರಿಗೆ ಕಾಫಿ ಹೆಂಗ್ ಕಾಯ್ಸ್ಲಿ?" ಎಂದಳು. "ಕರೆಂಟ್ ಒಲೆ ಇದೆಯಲ್ಲ, ಅದರಲ್ಲಿ ಕಾಯಿಸು" ಎಂದು ಅಪ್ಪಣೆ ಕೊಡಿಸಿದೆ. ಹಾಲ್‌ನ ಪ್ಲಗ್ ಸಡಿಲವಾಗಿದ್ದರಿಂದ ನನ್ನ ಆಂಪ್ಲಿಫೈಯರಿನ ವೈರು ಗೋಡೆಗುಂಟ ಅಡುಗೆಮನೆಯ ಪ್ಲಗ್ಗಿಗೇ ಹೋಗಿದೆ ಎಂಬುದು ಆ ಕ್ಷಣದಲ್ಲಿ ನನ್ನ ಘನವಾದ ತಲೆಗೆ ಹೊಳೆಯಲಿಲ್ಲ.

ವಹಾಬ್ ಬಂದರು. ದೊಡ್ಡಆಲಹಳ್ಳಿಯಿಂದ ನನ್ನ ಭಾಮೈದ ಕೆಂಪಯ್ಯನೂ ಬಂದ. ಪರದೆ ಎಳೆದೆ. ಸೋಬಾನೆ ಪದಗಳ ಕ್ಯಾಸೆಟ್ ಹಾಕಿದೆ. ಮಾಯಮ್ಮ ಹುಟ್ಟಿದಾಗಿನಿಂದ ಕೇಳಿದ ಪದಗಳವು. ಅಡುಗೆಮನೆಯಲ್ಲಿ ಅವಳ ತುಟಿಯೂ ಅಲ್ಲಾಡುತ್ತಿತ್ತು.

"ಚೆನ್ನಾಗೈತೆ ಚೆಲುವಣ್ಣ" ಎಂದರು ವಹಾಬ್, ಸಂಕೋಚದಿಂದ. "ಒಸಿ ಡಬ್ಬದೊಳಗೆ ಕುಂತಂಗೈತೆ."

"ಸ್ಪೀಕರ್ ಬಿಸಿಯಾಗಬೇಕು. ಎಲ್ಲರೂ ಕಣ್ಣು ಮುಚ್ಚಿ! ಕಣ್ಣು ತೆರೆದಿದ್ದರೆ ಕಿವಿ ಕೆಲಸ ಮಾಡುವುದಿಲ್ಲ" ಎಂದು ನಾನೂ ಮುಚ್ಚಿದೆ.

ಮೂರನೆಯ ಪದದ ನಡುವೆ ಟಪ್ ಎಂದು ಸಣ್ಣ ಸದ್ದಾಯಿತು. ಅರೆಗಳಿಗೆ ಮೌನ. ಆಮೇಲೆ, ಓದುಗ ಮಹಾಶಯರೇ, ಬಂತು ನೋಡಿ ಧ್ವನಿ! ನೆಗಡಿ ಹೋಗಿತ್ತು. ಡಬ್ಬ ಒಡೆದಿತ್ತು. ತಾಳ, ತಮಟೆ ಎಲ್ಲ ಹಿಂದೆ ಸರಿದು ಕಂಠವೊಂದೇ ಎದ್ದು ನಿಂತಿತ್ತು. ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು.

"ಇದೇ ಮಿಡ್‌ರೇಂಜ್!" ಎಂದು ಪಿಸುಗುಟ್ಟಿದೆ. "ಮಿಡ್‌ರೇಂಜ್ ಹೊರಟಿತೆಂದರೆ ತಾಳಕ್ಕೆಲ್ಲ ಕೆಲಸವೇ ಇರುವುದಿಲ್ಲ."

"ಭಾವ," ಎಂದ ಕೆಂಪಯ್ಯ, ಮೂಗೆಳೆದು. "ನಮ್ಮವ್ವ ರಾಗಿ ಬೀಸ್ತಾ ಹಿಂಗೇ ಹಾಡ್ತಿದ್ಲು ಕಣ್ ಭಾವ. ಅದೇ ಗಂಟ್ಲು."

"ಯಾ ಅಲ್ಲಾ!" ಎಂದರು ವಹಾಬ್. "ಇಲ್ಲೇ ನಿಂತು ಹಾಡ್ದಂಗೈತೆ!"

ಅಂದುಬಿಟ್ಟರು! ನನ್ನ ಮನಸ್ಸಿನಲ್ಲಿ ಹೊಲಿಗೆ ಮಿಷನ್ ಹಿತ್ತಲಲ್ಲಿ ಶಾಶ್ವತವಾಗಿ ಬೇರು ಬಿಟ್ಟಿತು. ಗಾಯಕಿ ಇನ್ನೆರಡು ಸಾಲು ಹಾಡಿ, ಉಸಿರೆಳೆದು, ಅಷ್ಟೇ ಸಹಜವಾಗಿ ಕೇಳಿದಳು:

"ವಹಾಬಣ್ಣಾ, ಸಕ್ರೆ ಒಂದ್ ಚಮ್ಚನಾ, ಎರಡಾ?"

"ಎರಡು" ಎಂದರು ವಹಾಬ್, ಭಕ್ತಿಯಿಂದ.

"ಇದಕ್ಕೆ ಸ್ಟೀರಿಯೋ ಎಫೆಕ್ಟ್ ಅಂತಾರೆ" ಎಂದೆ ನಾನು. ಹೇಳಿದ ಮೇಲೆ ನನಗೇ ಅನುಮಾನ ಬಂದು ಕಣ್ಣು ಬಿಟ್ಟೆ. ವಹಾಬ್ ಇನ್ನೂ ಕಣ್ಣು ತೆರೆಯದೆ ಬಲಗಡೆಯ ಪೆಟ್ಟಿಗೆಗೆ ಕೈ ಮುಗಿದು ಕೂತಿದ್ದರು. ಆಂಪ್ಲಿಫೈಯರಿನ ಕೆಂಪು ದೀಪ ಆರಿತ್ತು. ಅಡುಗೆಮನೆಯ ಬಾಗಿಲಲ್ಲಿ ಮಾಯಮ್ಮ ಸಕ್ಕರೆ ಡಬ್ಬ ಹಿಡಿದು ನಿಂತಿದ್ದಳು.

"ನಿಮ್ ಪ್ಲಗ್ ಕಿತ್ತು ಒಲೇದು ಹಾಕ್ದೆ. ನೀವೇ ಅಲ್ವಾ ಕರೆಂಟ್ ಒಲೇಲಿ ಕಾಯ್ಸು ಅಂದಿದ್ದು? ಪದ ಅರ್ಧಕ್ಕೇ ನಿಂತೋಯ್ತು. ಬಾಯಿಗ್ ಬಂದಿದ್ ಪದ ನುಂಗಕಾಯ್ತದಾ? ಹೇಳ್ಕೊಂಡೆ."

ಕೆಂಪಯ್ಯ ಕಣ್ಣೀರು ಒರೆಸಿಕೊಳ್ಳುತ್ತಿದ್ದ ಟವೆಲನ್ನೇ ಬಾಯಿಗೆ ತುರುಕಿಕೊಂಡು ನಗತೊಡಗಿದ. ವಹಾಬ್ ನಗಲಿಲ್ಲ. ನನ್ನ ಕಿವಿಯನ್ನೇ ನೋಡಿ, "ಈ ಕಿವಿ ನಂಬ್ಕೊಂಡು ಗೂಡು ತಗತಾ ಇವ್ನಲ್ಲ ಚೆಲುವಣ್ಣ ನಾನು!" ಎಂದರು.

ನಾನು ಕಾನೂನಿಗೆ ಮೊರೆಹೋದೆ. "ಇಲ್ಲೇ ನಿಂತು ಹಾಡಿದ ಹಾಗಿದೆ ಅಂತ ಅವರಾಗಿಯೇ ಅಂದಿದ್ದಾರೆ. ಷರತ್ತಿನ ಪ್ರಕಾರ ಗೆದ್ದವನು ನಾನು."

"ಹೂಂ, ಗೆದ್ರಿ. ಮಿಷನ್ನು ಆ ಕಡೆಯಿಂದ ಒಸಿ ಎತ್ತಿ."

ಸೋಮವಾರ ಇದ್ರೀಸ್ ಕೇಳಿದ, "ಏನ್ ಕಂಪ್ಲೇಂಟು ಸಾರ್?"

"ಕಂಪ್ಲೇಂಟ್ ಏನಿಲ್ಲಪ್ಪ. ಪ್ಲಗ್ ಕಿತ್ತಾಗ ಬರುವಷ್ಟು ಚೆನ್ನಾಗಿ ಪ್ಲಗ್ ಹಾಕಿದಾಗ ಬರುವುದಿಲ್ಲ."

ಇದ್ರೀಸ್ ಪೆಟ್ಟಿಗೆ ಇಳಿಸಿಕೊಂಡ. ನಾನು ಹೋಗುವವರೆಗೂ ಮಿಕ್ಕ ಪೆಟ್ಟಿಗೆಗಳಿಗೆ ಅಡ್ಡ ನಿಂತಿದ್ದ.

ಈಗ ಭಾನುವಾರಗಳಂದು ವಹಾಬ್ ಸಂಸಾರ ಸಮೇತ ಬರುತ್ತಾರೆ. ಅವರ ಮನೆಯವರು ಫಿರೋಜಾ ರವಿಕೆಯ ಅಳತೆ ಕೊಡುತ್ತಾರೆ, ಮಾಯಮ್ಮ ಕಿಟಕಿಯ ಬೆಳಕಿನಲ್ಲಿ ಮಿಷನ್ ತುಳಿಯುತ್ತ ಪದ ಹೇಳುತ್ತಾಳೆ. ಗಾಯಕಿಗೆ ಕಾಫಿ ಕಾಯಿಸುವ ತಾಪತ್ರಯ ಇರಬಾರದಲ್ಲ, ಅಡುಗೆಮನೆಯಲ್ಲಿ ನಾನಿರುತ್ತೇನೆ. ಹೋದ ವಾರ ಹಾಲು ಉಕ್ಕುವುದನ್ನು ಕಾಯುತ್ತ ತಡೆಯಲಾರದೆ ನಾನೂ ಮೆಲ್ಲಗೆ ದನಿಗೂಡಿಸಿದೆ.

ಹಾಲ್‌ನಲ್ಲಿ ಪದ ನಿಂತಿತು. "ಏನಮ್ಮ ಅದು, ಒಳಗಡೆಯಿಂದ ಗುರ್‌ಗುರ್ ಅಂತೈತೆ?" ಎಂದರು ವಹಾಬ್.

"ಅದಾ? ನಮ್ಮನೆ ಊಫರ್ರು ಕಣಣ್ಣ" ಎಂದಳು ಮಾಯಮ್ಮ. "ಅಂಗ್ಡಿಯವ್ರು ಅದೊಂದ ವಾಪಸ್ ತಗಳನಿಲ್ಲ."