ಫೈನಲ್‌ಗೆ ಇಟ್ಟಿದ್ದ ಸ್ಮ್ಯಾಷ್

ಆ ಭಾನುವಾರ ಬೆಳಗ್ಗೆಯೂ ನಾನು ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಒಲೆಯ ಮೇಲೆ ಹಾಲಿಟ್ಟು, ಅಜ್ಜಂಪುರದ ಅತ್ಯಂತ ದುಬಾರಿ ಮನುಷ್ಯನ ಬನಿಯನ್ ಒಗೆಯಲು ಹಿತ್ತಲಿಗೆ ಹೋದೆ.

ದುಬಾರಿ ಎಂದರೆ ಎಷ್ಟು ಅಂತೀರಿ? ನಮ್ಮೂರ ಹೈಸ್ಕೂಲಿನ ಹೆಡ್‌ಮಾಸ್ಟರರಿಗಿಂತ ಹೆಚ್ಚಿನ ಸಂಬಳ! ಅದರ ಮೇಲೆ ಬೆಣ್ಣೆ, ಎಳನೀರು, ಹರಿದಾಗಲೆಲ್ಲ ಹೊಸ ಕ್ಯಾನ್ವಾಸ್ ಬೂಟು. ಇಷ್ಟೆಲ್ಲ ಯಾವ ಘನಕಾರ್ಯಕ್ಕೆ? ಚೆಂಡು ಹೊಡೆಯುವುದಕ್ಕೆ! ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಚೆಂಡು ಕಿಟಕಿಗೆ ಹೊಡೆದರೆ ಮೊಣಕಾಲೂರಿಸಿ ನಿಲ್ಲಿಸುತ್ತಿದ್ದರು. ಅದೇ ಕೆಲಸಕ್ಕೆ ಸಂಬಳ ಕೊಡುವವರೂ ಇದ್ದಾರೆ ಎಂದು ಗೊತ್ತಾಗಿದ್ದು ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಮೇಲೆ.

ಈತ ನಮ್ಮ ಯಜಮಾನರ ಚಿಕ್ಕಪ್ಪನ ಮಗ, ನನಗೆ ಮೈದುನ. ಯಗಟಿಯಲ್ಲಿ ಹುಟ್ಟಿ, ಕಡೂರು ತಂಡಕ್ಕೆ ವಾಲಿಬಾಲ್ ಆಡಿ ಹೆಸರು ಮಾಡಿದವನು. ಅದು ಎಪ್ಪತ್ತರ ದಶಕದ ಕೊನೆ. ನಮ್ಮ ಕಡೆ ವಾಲಿಬಾಲ್ ಹುಚ್ಚು ಎಷ್ಟಿತ್ತೆಂದರೆ, ಹೆಣ್ಣು ನೋಡಲು ಬಂದ ಗಂಡು ಸಂಜೆ ಮೈದಾನಕ್ಕೆ ಹೋಗಿ ರಾತ್ರಿ ಊಟಕ್ಕೆ ವಾಪಸು ಬಂದದ್ದೂ ಉಂಟು. ನಮ್ಮೂರಿಗೆ ಎದುರಾಳಿ ತರೀಕೆರೆ. ತಾಲ್ಲೂಕು ಕಚೇರಿ ಅಲ್ಲಿ. ಒಂದು ಖಾತೆ ಬದಲಾಯಿಸಬೇಕೆಂದರೂ ಅಲ್ಲಿಗೇ ಹೋಗಿ ಬೆಂಚಿನ ಮೇಲೆ ಕಾಯಬೇಕು. ಚೆಂಡಾಟದಲ್ಲಾದರೂ ಅವರನ್ನು ಕಾಯಿಸೋಣ ಎಂದರೆ ಪ್ರತಿವರ್ಷ ಫೈನಲ್‌ನಲ್ಲಿ ಅವರೇ ಗೆದ್ದು ಕಪ್ ಹೊತ್ತುಕೊಂಡು ಹೋಗುತ್ತಿದ್ದರು.

ಕೊನೆಗೆ ನಮ್ಮೂರ ಕೊಬ್ಬರಿ ಮಂಡಿಯ ಸಾಹುಕಾರರಿಗೆ ರೋಸಿಹೋಯಿತು. ಎತ್ತಿನ ಹಲ್ಲು ನೋಡಿ ವ್ಯಾಪಾರ ಮಾಡುವ ಅವರು ಕಡೂರಿಗೆ ಹೋಗಿ ನನ್ನ ಮೈದುನನ ಬಲಭುಜ ಮುಟ್ಟಿ ನೋಡಿ ವ್ಯಾಪಾರ ಕುದುರಿಸಿದರು. ಹೆಸರಿಗೆ ಮಂಡಿಯಲ್ಲಿ ರೈಟರ್ ಕೆಲಸ. ವಾಸ, ಊಟ ನಮ್ಮ ಮನೆಯಲ್ಲಿ. ಷರತ್ತನ್ನು ನಮ್ಮ ಜಗುಲಿಯ ಮೇಲೆ ಕೂತೇ ಹೇಳಿದರು: "ಕಪ್ ಬಂದ್ರೆ ಇನ್ನೊಂದ್ ವರ್ಷ ಇರಪ್ಪಾ. ಬರ್ಲಿಲ್ವಾ, ಮಾರನೇ ದಿನ ಕಡೂರು ಬಸ್ಸು."

ಆ ಭಾನುವಾರ ಸಂಜೆ ಫೈನಲ್. ತರೀಕೆರೆಯ ಮೇಲೆ. ಅದಕ್ಕೇ ಆ ಬನಿಯನ್ನಿಗೆ ಎರಡೆರಡು ಸಲ ಸೋಪು ಹಚ್ಚಿದೆ.

ಮೈದುನ ಬಂದ ಮೊದಲ ದಿನ ನೆನಪಾಯಿತು. ನಮ್ಮ ತಂಡದ ಅಭ್ಯಾಸ ನೋಡಿ ಬಂದವನೇ ತಲೆಯ ಮೇಲೆ ಕೈಹೊತ್ತು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದ.

"ಅತ್ತಿಗೆ, ಇವ್ರು ಆಟ ಆಡ್ತಿಲ್ಲ. ಬೀಗರ ಉಪಚಾರ ಮಾಡ್ತಾವ್ರೆ!"

ನಿಜವೇ. ನಮ್ಮ ತಂಡದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ನೆಂಟರು. ಐವತ್ತು ದಾಟಿದ ಸಾಹುಕಾರರೂ ಆಡುತ್ತಿದ್ದರು. ನೆಟ್ಟು, ಚೆಂಡು ಎರಡೂ ಅವರದೇ ಆದಾಗ ಬೇಡ ಎನ್ನುವವರು ಯಾರು? ಅವರ ಪಕ್ಕದಲ್ಲಿ ಅವರ ಅಳಿಯ. ಪಾಪದ ಹುಡುಗ, ಮಾವನೆದುರು ಕುರ್ಚಿಯಲ್ಲಿ ಪೂರ್ತಿ ಕೂತವನಲ್ಲ, ತುದಿಯಲ್ಲಿ ಕೂರುವವನು. ಎಗರಿ ಹೊಡೆದರೆ ಸಿಡಿಲು. ಆದರೆ ಚೆಂಡು ಇಬ್ಬರ ನಡುವೆ ಬಂತೋ, "ತಾವು ತಗೊಳ್ಳಿ ಮಾವ" ಎಂದು ಹಿಂದೆ ಸರಿಯುತ್ತಿದ್ದ. ಮಾವನೋ ಅಳಿಯನ ಮರ್ಯಾದೆ ಬಿಡುವವರಲ್ಲ. "ಇಲ್ಲ ಇಲ್ಲ, ನೀವೇ ಹೊಡೀರಿ." ಚೆಂಡಿಗೆ ಅಷ್ಟು ಹೊತ್ತು ಕಾಯುವ ಸಂಸ್ಕಾರ ಎಲ್ಲಿಂದ ಬರಬೇಕು? ಇಬ್ಬರ ಮಧ್ಯೆ ಧೊಪ್ಪನೆ ಬೀಳುತ್ತಿತ್ತು.

ಮರುದಿನ ಮೈದುನ ಇಡೀ ತಂಡವನ್ನು ಸಾಲಾಗಿ ನಿಲ್ಲಿಸಿ ಶಾಸನ ಹೊರಡಿಸಿದ. "ಸುಣ್ಣದ ಗೆರೆ ದಾಟಿ ಒಳಗ್ ಬಂದ್ಮೇಲೆ ಮಾವ ಇಲ್ಲ, ಅಳಿಯ ಇಲ್ಲ, ಸಾಹುಕಾರ್ರೂ ಇಲ್ಲ. ಎಲ್ರೂ ಲೇ! ಚೆಂಡು ನಂದು ಅನ್ನಿಸ್ತೋ, 'ಲೇ, ಬಿಡೋ, ನಂದು' ಅಂತ ಕೂಗ್ಬೇಕು. ಎಲ್ಲಿ, ಕೂಗಿ ನೋಡೋಣ!"

ಅಳಿಯ ಬೆವರಿ, ಗಂಟಲು ಸರಿಮಾಡಿಕೊಂಡು, ಮಾವನ ಪಾದ ನೋಡುತ್ತ ಕೂಗಿದ್ದು ಹೀಗಂತೆ: "ಲೇ... ಬಿಡಿ... ನಂದು... ತಮ್ಮ ಅಪ್ಪಣೆ ಆದ್ರೆ."

ಎಷ್ಟು ದಿನ ಬೈದರೂ ಅಷ್ಟೇ. ಮೈದುನನಿಗೆ ನಿದ್ದೆಯಲ್ಲೂ ಅದೇ ಧ್ಯಾನ. ಒಂದು ಬೆಳಗ್ಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅತ್ತೆ ಇಳಿಸುತ್ತಾರೆ ಎಂದು ನಾನು, ಸೊಸೆ ಇಳಿಸುತ್ತಾಳೆ ಎಂದು ಅತ್ತೆ, ಇಬ್ಬರೂ ಮರ್ಯಾದೆಯಿಂದ ನಿಂತಿದ್ದೆವು. ಹಾಲು ಒಲೆಯ ಪಾಲಾಯಿತು. ಹೊಸ್ತಿಲಿಂದ ಒಂದು ಗರ್ಜನೆ ಬಂತು: "ನೋಡಿ, ನೋಡಿ! ನಮ್ ಟೀಮಿನ ರೋಗ ಇದೇ! ಕೂಗಿ ಅತ್ತಿಗೆ, 'ಲೇ, ಬಿಡೇ, ನಂದು' ಅಂತ!" ನಮ್ಮತ್ತೆ ಇಕ್ಕಳ ಹಿಡಿದು ಅವನ ಕಡೆ ತಿರುಗಿದ ರೀತಿಗೆ ನಾನು ಕೂಗುವುದು ತಪ್ಪಿತು.

ಇಷ್ಟೇ ಆಗಿದ್ದರೆ ನಗುತ್ತ ಹೇಳಿ ಮುಗಿಸಬಹುದಿತ್ತು. ಆದರೆ ಬಂದ ಕೆಲವೇ ವಾರಗಳಲ್ಲಿ, ಮಾವ ಅಳಿಯ ಇಬ್ಬರೂ ಬಿಟ್ಟ ಚೆಂಡೊಂದನ್ನು ಹಿಡಿಯಲು ಹಾರಿ, ಮೈದುನ ಗಟ್ಟಿನೆಲದ ಮೇಲೆ ಬಲಭುಜ ಊರಿ ಬಿದ್ದ. "ಏನೂ ಆಗಿಲ್ಲ" ಎಂದು ಎದ್ದು ಮಣ್ಣು ಕೊಡವಿಕೊಂಡನಂತೆ. ಮನೆಯಲ್ಲಿ ನಾನು ನೋಡುತ್ತಿದ್ದೆನಲ್ಲ! ಎಡಗೈಯಲ್ಲಿ ತಲೆ ಬಾಚಲು ಶುರುಮಾಡಿದ. ಹಣೆಯ ವಿಭೂತಿ ಗೆರೆಗಳು ಒಂದು ಕಡೆಗೆ ವಾಲಿದವು. ಟವೆಲ್ಲನ್ನು ಹಗ್ಗಕ್ಕೆ ಹಾಕದೆ ಕಿಟಕಿಯ ಸರಳಿಗೆ ಸಿಕ್ಕಿಸತೊಡಗಿದ. ನಾನು ಹಗ್ಗವನ್ನು ಕೆಳಗಿಳಿಸಿ ಕಟ್ಟಿದೆ. ಮಾರನೆಯ ದಿನ ಅವನು ಟವೆಲ್ಲನ್ನು ಹಗ್ಗಕ್ಕೆ ಹಾಕಿದ.

ಮೈದಾನದಲ್ಲಿ? ಸರ್ವಿಸನ್ನು ಎಡಗೈಯಲ್ಲಿ, ಕೆಳಗಿನಿಂದ. ಚೆಂಡು ಬಂದರೆ ಎರಡೂ ಕೈ ಜೋಡಿಸಿ ಸೊಂಟದ ಹತ್ತಿರದಿಂದ ಲಿಫ್ಟ್. ಹೆಸರಾಂತ ಸ್ಮ್ಯಾಷ್ ಮಾತ್ರ ಇಲ್ಲ. ಜನ ಗೊಣಗಿದರೆ ಮೀಸೆ ತಿರುವಿ, "ಸ್ಮ್ಯಾಷ್ ಫೈನಲ್‌ಗೆ ಇಟ್ಟಿದೀನಿ" ಎನ್ನುತ್ತಿದ್ದ. ಇಡಲು ಅದೇನು ಉಪ್ಪಿನಕಾಯಿಯೇ? ಹೊಡೆಯಲಾಗದ್ದನ್ನೆಲ್ಲ ಬಾಯಲ್ಲಿ ತೀರಿಸುತ್ತಿದ್ದ: ಓಡ್ರೋ, ಬಗ್ರೋ, ಮಂಡಿ ಮಡಿಸ್ರೋ, ಮುದ್ದೆ ಕಮ್ಮಿ ತಿನ್ರೋ! ವಿಚಿತ್ರವೆಂದರೆ ಬೈಸಿಕೊಂಡ ತಂಡ ಒಂದೊಂದೇ ಪಂದ್ಯ ಗೆಲ್ಲುತ್ತ ಫೈನಲ್‌ಗೆ ಬಂದೇಬಿಟ್ಟಿತು. ಸಾಹುಕಾರರು ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಾರಿದರು: "ಭಾನುವಾರ ಬನ್ರಪ್ಪಾ, ಸ್ಮ್ಯಾಷ್ ಹೊಡಿತಾನೆ!"

ಬನಿಯನ್ ಒಣಹಾಕಿ ಒಳಗೆ ಬಂದಾಗ ಮೈದುನ ಗೋಡೆಗೆ ಮುಖಮಾಡಿ ನಿಂತಿದ್ದ. ಬಲಗೈಯನ್ನು ಗೋಡೆಯ ಮೇಲೆ ಬೆರಳುಗಳಿಂದ ನಡೆಸುತ್ತ ಮೇಲೇರಿಸುತ್ತಿದ್ದ. ಭುಜದ ಮಟ್ಟಕ್ಕೆ ಬಂದು ನಿಂತಿತು. ಎಡಗೈಯಿಂದ ಎತ್ತಿಹಿಡಿದ, ಬಿಟ್ಟೊಡನೆ ಕೆಳಗೆ ಬಿತ್ತು. ನಾನು ಹರಳೆಣ್ಣೆ ಬಿಸಿಮಾಡಿ ಬಟ್ಟಲನ್ನು ಪಕ್ಕದಲ್ಲಿಟ್ಟೆ.

"ಸ್ವಲ್ಪ ಹಿಡ್ಕೊಂಡೈತೆ ಅಷ್ಟೇ ಅತ್ತಿಗೆ."

"ಸಾಹುಕಾರ್ರಿಗೆ ಹೇಳಿಬಿಡಬಾರದಾ?"

"ಇವತ್ತೊಂದಿನ ದಾಟ್ಲಿ. ಈ ವಯಸ್ಸಲ್ಲಿ ಇನ್ಯಾವ ಊರು ಕರಿತೈತೆ ನನ್ನ?"

ಅದೇ ಹೊತ್ತಿಗೆ ಬಾಗಿಲಲ್ಲಿ ಸಾಹುಕಾರರ ದನಿ! "ಏನಪ್ಪಾ, ಸ್ಮ್ಯಾಷ್ ರೆಡಿನೋ? ಚೌಳಹಿರಿಯೂರಿಂದ ಲಾರಿ ಮಾಡ್ಕಂಡ್ ಬತ್ತಾವ್ರೆ ಕಣೋ ಜನ!" ಎಣ್ಣೆ ಬಟ್ಟಲು ನನ್ನ ಸೆರಗಿನ ಮರೆಗೆ ಹೋಯಿತು. ಮೈದುನ ಮೀಸೆ ತಿರುವಿದ. ಎಡಗೈಯಲ್ಲಿ!

ಸಂಜೆ ನಾವು ಹೆಂಗಸರು ಪಕ್ಕದ ಮನೆ ಪಾರ್ವತಕ್ಕನ ತಾರಸಿ ಹತ್ತಿದೆವು. ಅಲ್ಲಿಂದ ಶಾಲೆಯ ಮೈದಾನ ಅಂಗೈಯಂತೆ ಕಾಣುತ್ತಿತ್ತು. ಎಷ್ಟು ಜನ! ಬೇವಿನ ಮರದ ಮೇಲೆ ಎಲೆಗಿಂತ ಮನುಷ್ಯರೇ ಹೆಚ್ಚು. ಮೊದಲ ಗೇಮ್ ತರೀಕೆರೆಗೆ. ಎರಡನೆಯದು ಹೇಗೋ ನಮಗೆ. ಮೂರನೆಯದು ಶುರುವಾದಾಗ ನಾನು ಕಾನ್ವೆಂಟಿನ ಪ್ರಾರ್ಥನೆಯನ್ನೂ ಷಡಕ್ಷರಿ ಮಂತ್ರವನ್ನೂ ಒಂದರ ಹಿಂದೊಂದು ಹೇಳುತ್ತಿದ್ದೆ; ಯಾವುದು ತಲುಪುತ್ತದೋ ತಲುಪಲಿ.

ಒಂದು ವಿಷಯ ಗಮನಿಸಿದೆ. ತರೀಕೆರೆಯ ಇಬ್ಬರು ಉದ್ದನೆಯ ಆಳುಗಳು ಮೈದುನನ ಎದುರು ನೆಟ್ಟಿಗೆ ಅಂಟಿಕೊಂಡೇ ಇದ್ದರು. ಇವನು ಎಡಕ್ಕೆ ಹೋದರೆ ಅವರೂ ಎಡಕ್ಕೆ, ಬಲಕ್ಕೆ ಬಂದರೆ ಅವರೂ ಬಲಕ್ಕೆ. ಸಾಹುಕಾರರ ಪ್ರಚಾರ ಅಲ್ಲಿಗೂ ಮುಟ್ಟಿತ್ತು! ಇವನು ಸುಮ್ಮನೆ ಮಂಡಿ ಬಗ್ಗಿಸಿದರೂ ಸಾಕು, ಅವರಿಬ್ಬರೂ ಎರಡೂ ಕೈ ಎತ್ತಿ ನಿಲ್ಲುತ್ತಿದ್ದರು.

"ಏನ್ರೀ ಅದು, ನಿಮ್ ಮೈದುನಂಗೆ ಶರಣಾಗವ್ರಾ?" ಎಂದರು ಪಾರ್ವತಕ್ಕ, ಮಡಿಲಲ್ಲಿದ್ದ ಕಡಲೆಪುರಿಗೆ ಕೈಹಾಕುತ್ತ.

ಸಮ ಸಮ ಬಂದು, ಕೊನೆಗೆ ನಮಗೆ ಒಂದೇ ಪಾಯಿಂಟು ಬೇಕು ಎನ್ನುವಲ್ಲಿಗೆ ನಿಂತಿತು. ಆಗೆಲ್ಲ ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟು; ಅದು ತರೀಕೆರೆಯಿಂದ ತಿರುಗಿ ನಮಗೆ ಬಂತು. ಚೆಂಡು ಅತ್ತ ಹೋಗಿ ಇತ್ತ ಬಂತು. ಹಿಂದೆ ನಿಂತಿದ್ದ ಸಾಹುಕಾರರು ಹೊಟ್ಟೆಯನ್ನೂ ಮರೆತು ಬಗ್ಗಿ ಅದನ್ನು ಎತ್ತಿದರು. ಎತ್ತಿದ್ದೂ ಎತ್ತಿದ್ದೇ, ಚೆಂಡು ಗೋಪುರದಷ್ಟು ಮೇಲೇರಿ, ಸರಿಯಾಗಿ ನೆಟ್ಟಿನ ಹತ್ತಿರ ಮೈದುನನ ತಲೆಯ ಮೇಲೆ ಇಳಿಯತೊಡಗಿತು. ಸ್ಮ್ಯಾಷಿಗೆಂದೇ ಹೇಳಿ ಮಾಡಿಸಿದ ಚೆಂಡು.

ಇಡೀ ಮೈದಾನ ಎದ್ದು ನಿಂತಿತು. "ಹೊಡಿಯೋ!"

ನಮ್ಮ ತಂಡದವರೆಲ್ಲ ಮರ್ಯಾದೆಯಿಂದ ಜಾಗ ಬಿಟ್ಟರು. ಮೈದುನ ಚೆಂಡು ನೋಡಿದ. ಬೇರೆ ದಾರಿ ಇರಲಿಲ್ಲ, ಹಾರಿದ. ಎದುರಿನ ಇಬ್ಬರೂ ಜೊತೆಗೇ ಹಾರಿದರು. ಅವನ ಬಲಗೈ ಮೇಲೇರಿತು... ಭುಜದವರೆಗೆ. ಅಲ್ಲೇ ನಿಂತಿತು. ಬೆಳಗ್ಗೆ ಗೋಡೆಯ ಮೇಲೆ ನಿಂತಲ್ಲೇ. ನಾನು ಕಣ್ಣು ಮುಚ್ಚಿಕೊಂಡೆ.

ಆಗ ಕೇಳಿಸಿತು, ತಾರಸಿಯವರೆಗೂ:

"ಲೇ! ಬಿಡೋ! ನಂದು!"

ಕಣ್ಣು ಬಿಟ್ಟರೆ ಮೈದುನ ಗಾಳಿಯಲ್ಲೇ ಕುತ್ತಿಗೆ ಬಗ್ಗಿಸಿದ್ದ. ಅವನ ಬೆನ್ನ ಹಿಂದಿನಿಂದ, ಕುರ್ಚಿಯ ತುದಿಯಲ್ಲಿ ಕೂರುವ ಆ ಅಳಿಯ ಎಗರಿದ್ದ. ಎದುರಿನ ಆಳುಗಳು ಆಗಲೇ ಕೆಳಗಿಳಿಯುತ್ತಿದ್ದರು. ಚೆಂಡು ಅವರ ತಲೆಯ ಮೇಲಿನಿಂದ ಹೋಗಿ ನೆಲಕ್ಕೆ ಬಡಿದು ಧೂಳೆಬ್ಬಿಸಿತು. ಆಮೇಲೆ ಏನಾಯಿತೋ ನನಗೆ ತಿಳಿಯದು. ಪಾರ್ವತಕ್ಕನ ಪುರಿಯೆಲ್ಲ ನನ್ನ ತಲೆಯ ಮೇಲಿತ್ತು.

ದೀಪ ಹಚ್ಚುವ ಹೊತ್ತಿಗೆ ಮೈದುನ ಮನೆಗೆ ಬಂದ. ಹಾರ ಹಾಕಿದ್ದರು. ಬನಿಯನ್ ತೆಗೆಯಲು ಆಗದೆ ಹಜಾರದಲ್ಲಿ ಒದ್ದಾಡುತ್ತಿದ್ದವನನ್ನು ನಮ್ಮ ಯಜಮಾನರು ನೋಡಿದರು. ಹತ್ತಿರ ಬಂದು ಮಗುವಿಗೆ ಬಿಚ್ಚುವಂತೆ ಬಿಚ್ಚಿದರು. ಭುಜ ಊದಿ ಕೆಂಪಾಗಿತ್ತು.

"ಅತ್ತಿಗೆ, ಕೇಳಿಸ್ತಾ? ಆ ಹುಡುಗ ನನ್ನ ಲೇ ಅಂದ." ದೊಡ್ಡ ಬಿರುದು ಸಿಕ್ಕವನ ಹಾಗೆ ನಗುತ್ತಿದ್ದ. ನಗುತ್ತಿದ್ದಂತೆಯೇ ಕಣ್ಣು ತುಂಬಿತು. "ಕಪ್ ಏನೋ ಬಂತು, ಆದ್ರೆ ನಾನ್ ಹೊಡಿಲಿಲ್ಲ ನೋಡಿ. ಈ ಕೈಗೆ ಇನ್ನೊಂದ್ ವರ್ಷ ಅವ್ರ ಅನ್ನ ತಿನ್ನಕ್ಕಾಗಲ್ಲ. ಬೆಳಗ್ಗೆ ಹೋಗಿ ನಿಜ ಹೇಳ್ಬಿಟ್ಟು, ಕಡೂರು ಬಸ್ಸಿಗೆ ಹೊರಟೆ."

ಟ್ರಂಕು ಎಳೆದುಕೊಂಡು, ಎಡಗೈಯಲ್ಲೇ ಒಂದೊಂದು ಬಟ್ಟೆ ಮಡಿಸತೊಡಗಿದ. ಸಹಾಯ ಮಾಡೋಣವೆಂದರೆ ನನ್ನ ಕೈ ಏಳಲಿಲ್ಲ. ಮಡಿಸಿಕೊಟ್ಟರೆ ಹೋಗೆಂದ ಹಾಗಾಗುವುದಿಲ್ಲವೇ?

ಅಷ್ಟರಲ್ಲಿ ಪಾರ್ವತಕ್ಕ ಹಿತ್ತಲ ಬಾಗಿಲಿಂದ ಲೋಟ ಹಿಡಿದು ಬಂದರು, ಮೊಸರಿಗೆ ಹೆಪ್ಪು ಕೇಳಿಕೊಂಡು. ಟ್ರಂಕಿನ ಕಡೆ ಒಮ್ಮೆ ನೋಡಿದರು.

"ಇದ್ಯಾಕ್ ಕಣ್ರೀ ಬಟ್ಟೆ ತುಂಬ್ತಾವ್ರೆ? ಕೈ ಏಳಲ್ಲ ಅಂತಾನಾ? ಅಯ್ಯೋ, ಅವತ್ತು ಬಿದ್ದಾಗ್ಲೇ ಗೊತ್ತಾಯ್ತಂತೆ ಸಾಹುಕಾರ್ರಿಗೆ. 'ಕೈ ಹೋದ್ರೆ ಹೋಗ್ಲಿ ಬಿಡು, ನಾವು ಸಂಬಳ ಕೊಡೋದು ಆ ಬಾಯಿಗೆ' ಅಂತಿದ್ರು ನಮ್ಮನೆಯೋರ ಹತ್ರ. ಸ್ಮ್ಯಾಷ್ ಸ್ಮ್ಯಾಷ್ ಅಂತ ಊರೆಲ್ಲ ಸಾರಿದ್ದೂ ತರೀಕೆರೆಯೋರನ್ನ ಯಾಮಾರ್ಸಕ್ಕೇ ಅಂತೆ. ಹೆಪ್ಪು ಸ್ವಲ್ಪ ಜಾಸ್ತಿನೇ ಹಾಕಿ, ನಿನ್ನೆ ಮೊಸರು ಕಟ್ಲೇ ಇಲ್ಲ."